ಹಳದಿ ತೋಟಾ

ಮಕ್ಕಳೇ, ಅಜ್ಜನ ಕೋವಿಯನ್ನು ನೀವು ನೋಡಿದ್ದು ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಮಲಗಿದ್ದಾಗ ಮಾತ್ರ. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ಕೋವಿ ಅದು. ಪೂಜೆಗೆ ಮುಂಚೆ ಅದನ್ನು ಒರೆಸುವ ಕೆಲಸ ನಿಮ್ಮ ಅಜ್ಜಿಯಾದ ನನ್ನದು. ಅಜ್ಜ ಅದನ್ನು ನಡುವೆ ಮಡಚಿ ಕೊಡುತ್ತಿದ್ದರು. ನಾನು ಕೋಲಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸಿ, ಬಾಗಿಲ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಆಚೆ ತುದಿಯಲ್ಲಿ ದುಂಡನೆಯ ಬೆಳಕು ಕಂಡರೆ ಕೆಲಸ ಮುಗಿದ ಹಾಗೆ. ಕೋವಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಚುನಾವಣೆ ಬಂತೆಂದು ಎಲ್ಲರೂ ತಮ್ಮ ಕೋವಿಗಳನ್ನು ಠಾಣೆಯಲ್ಲಿ ಇಟ್ಟು ಬಂದಿದ್ದರು. ಕೋವಿ ವಾಪಸ್ ಬಂತು, ಅದಕ್ಕೆ ಹಾಕುವ ಮದ್ದುಗುಂಡಿನ ತೋಟಾ ಮಾತ್ರ ಪೇಟೆಯ ಅಂಗಡಿಗೆ ಬರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಒಂದು ಕೆಂಪು ತೋಟಾ. ಅಷ್ಟರಲ್ಲಿ ಕೆಳಗಿನ ಗದ್ದೆಯಲ್ಲಿ ಭತ್ತ ಹಣ್ಣಾಯಿತು. ಹೊತ್ತು ಮುಳುಗುವ ಮೊದಲೇ ಹಂದಿಗಳು ಇಳಿಯತೊಡಗಿದವು. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ಅಜ್ಜ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಆಗ ಬೇಗಾರು ಊರಿನಿಂದ ಅಜ್ಜನ ಅಕ್ಕನ ಗಂಡ ಬಂದರು. ನನಗೂ ಅವರು ಭಾವನವರೇ. ಅವರ ಕೋವಿಯದು ಸಣ್ಣ ಬಾಯಿ, ಅದರ ತೋಟಾ ನಮ್ಮದಕ್ಕಿಂತ ಸಪೂರ. ಜೇಬಿನಿಂದ ಒಂದು ಹಳದಿ ತೋಟಾ ತೆಗೆದು ಜಗಲಿಯ ಮೇಲೆ ನಿಲ್ಲಿಸಿದರು.

"ಇದು ನಮ್ಮದಕ್ಕೆ ಆಗ್ತದಾ ಭಾವ? ಸಡಿಲ ಆಗ್ತದಲ್ಲ," ಎಂದರು ಅಜ್ಜ.

"ಸಡಿಲ ಆದ್ರೆ ಕಾಗದ ಸುತ್ತು ಮಾರಾಯ. ನಿನ್ನ ಮದುವೆಯಲ್ಲಿ ಉಂಗುರ ಸಡಿಲ ಆದಾಗ ದಾರ ಸುತ್ತಲಿಲ್ವಾ? ಹಾಗೇ."

ಹಳೆಯ ಪೇಪರ್ ಹರಿದು, ಅನ್ನದ ಅಗುಳು ಹಚ್ಚಿ, ತೋಟಾದ ಸುತ್ತ ಸುತ್ತಿದರು. ಕೋವಿಗೆ ಹಾಕಿ ನೋಡಿದಾಗ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಗುಳು ಇನ್ನೂ ಹಸಿಯಾಗಿತ್ತು. ಅಷ್ಟು ಹೊತ್ತಿಗೆ ಕೆಳಗೆ ಆಳುಗಳು ಡಬ್ಬ ಬಡಿಯುವ ಸದ್ದು ಕೇಳಿಸಿತು. ಹಂದಿ ಇಳಿದಿತ್ತು. ಇಬ್ಬರೂ ಹಾಗೇ ಓಡಿದರು. ಕಾಫಿ ಲೋಟ ಹಿಡಿದಿದ್ದ ನಾನು ಅಂಗಳದ ಅಂಚಿಗೆ ಬಂದು ನಿಂತೆ.

ಅವರು ನಿಂತದ್ದು ನನಗೆ ನೇರ ಕೆಳಗೆ, ಗದ್ದೆಯ ಅಂಚಿನ ಮೇಲೆ. ಅಲ್ಲಿ ಹುಲ್ಲು ಕೊಯ್ದು ನೆಲ ಬೋಳಾಗಿತ್ತು. ಅಜ್ಜ ಕೋವಿ ಎತ್ತಿ ಗುರಿ ಹಿಡಿದು, ಬೆರಳಿಟ್ಟು ಕುದುರೆ ಎಳೆದರು. ಟಕ್ ಎಂದಿತು, ಅಷ್ಟೇ. ಕೋವಿ ಮಡಚಿದರು. ಒದ್ದೆ ಕಾಗದದ ಸುರುಳಿಯೊಂದು ಜಾರಿ ಕಾಲ ಬುಡದಲ್ಲಿ ಬಿತ್ತು. ತೋಟಾ ಕಾಣಲಿಲ್ಲ.

"ಎಂತ ಮಾರಾಯ, ಹಂದಿಗೆ ಬರೀ ಪೇಪರ್ ಓದಿಸ್ಲಿಕ್ಕೆ ಬಂದ್ಯಾ?" ಭಾವನವರು ನಕ್ಕರು. "ಓಡಿ ಬರುವಾಗ ಬಿದ್ದೋಯ್ತು ಕಾಣ್ತದೆ. ಕೆಂಪು ಹಾಕು, ಬೇಗ!"

ಅಜ್ಜ ಜೇಬಿಗೆ ಕೈ ಹಾಕಿದರು.

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಮಡಚಿದ ಕೋವಿ ತೆಗೆದುಕೊಂಡು ಅವರು ಓಡಿರಲಿಲ್ಲ, ಜಗಲಿಯಲ್ಲೇ ಮುಚ್ಚಿಕೊಂಡು ಹೋಗಿದ್ದರು. ಮುಚ್ಚಿದ ಕೋವಿಯಿಂದ ತೋಟಾ ಬೀಳುವುದು ಹೇಗೆ? ಈಗ ಬಿದ್ದದ್ದು ಕಾಗದ ಒಂದೇ. ನನ್ನ ಅಡುಗೆಮನೆಯ ಊದುಕೊಳವೆ ನೆನಪಾಯಿತು. ಒಮ್ಮೆ ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಗೊತ್ತಿಲ್ಲದೆ ಊದಿದಾಗ ನನ್ನ ಉಸಿರು ನನ್ನ ಮುಖಕ್ಕೇ ಬಡಿದಿತ್ತು. ನನ್ನ ಬಾಯಿಯ ಗಾಳಿಗೇ ಹಾಗಾದರೆ ಮದ್ದಿನ ಬೆಂಕಿಗೆ?

"ಕೇಳ್ತಾ," ಎಂದೆ. ಮದುವೆಯಾದಾಗಿನಿಂದ ನಾನು ಅವರನ್ನು ಕರೆದದ್ದು ಹಾಗೆಯೇ. ಡಬ್ಬದ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಮತ್ತೆ, "ಹೋಯ್, ಕೇಳ್ತಾ!" ಎಂದೆ. ಕೆಂಪು ತೋಟಾ ಒಳಗೆ ಹೋಯಿತು. ಕೋವಿ ಮುಚ್ಚಿತು. ಭಾವನವರ ಎದುರು ನಾನು ಗಟ್ಟಿಯಾಗಿ ಮಾತಾಡಿದವಳೇ ಅಲ್ಲ. ಕೋವಿಯ ಹಿಡಿ ಅಜ್ಜನ ಹೆಗಲಿಗೆ ಏರಿತು, ಎಡಗೈ ನಳಿಗೆಯ ಕೆಳಗೆ ಹೋಯಿತು.

ನಾನು ಅವರ ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯುವ ಹಾಗೆ.

ಅವರು ತಿರುಗಿದರು. ಕೋವಿ ಕೆಳಗಿಳಿಯಿತು. ಹಂದಿಯೇ ಮಾತಾಡಿದ್ದರೂ ಆ ಮುಖ ಹಾಗಾಗುತ್ತಿರಲಿಲ್ಲ.

"ಹೊಡೀಬೇಡಿ! ಅದು ಬಿದ್ದಿಲ್ಲ, ಒಳಗೇ ಉಂಟು!"

"ಎಂತದು?"

"ಹಳದೀದು. ಬೆಳಕು ನೋಡಿ, ಬೆಳಕು!"

ಅಜ್ಜ ಕೋವಿ ಮಡಚಿ, ಕೆಂಪು ತೋಟಾ ತೆಗೆದು ಭಾವನವರ ಕೈಗೆ ಕೊಟ್ಟು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅಂಚಿನ ಮೇಲೆ ಹಾಗೇ ಕೂತರು. ಬೆಳಕು ಇರಲಿಲ್ಲ.

ಭಾವನವರು, "ಸರಳು ತಾ, ನಳಿಗೆ ಬಾಯಿಂದ ಕುಟ್ಟಿದ್ರೆ ಬೀಳ್ತದೆ," ಎಂದರು. ಮೊದಲಿನ ದನಿ ಇರಲಿಲ್ಲ.

"ಬೇಡ ಭಾವ. ಇವತ್ತಿಗೆ ನಿಮ್ಮ ಉಪಾಯ ಸಾಕು."

ಮರುದಿನ ಜೀಪು ಮಾಡಿಕೊಂಡು ಕೋವಿ ರಿಪೇರಿಯವನ ಹತ್ತಿರ ಹೋದರು. ತೋಟಾ ಜಾರಿ ಮುಂದೆ ಹೋಗಿ ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಂಡಿತ್ತಂತೆ. ಹಿಂದಿನಿಂದ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳಿ ಎಡಗೈ ಹೋಗುತ್ತಿತ್ತು, ಕಣ್ಣು ಉಳಿಯುತ್ತಿತ್ತೋ ಇಲ್ಲವೋ ಎಂದನಂತೆ. ಇದನ್ನು ಹೇಳುವಾಗ ಅಜ್ಜ ತಮ್ಮ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಆ ಕೈಯಲ್ಲೇ ನಿಮ್ಮನ್ನೆಲ್ಲ ಎತ್ತಿ ಆಡಿಸಿದ್ದು.

ನಾನು ಕೂಗಿದ ಆ ಸಂಜೆ ಹಂದಿಗಳು ಒಂದು ಗದ್ದೆ ಪೂರ್ತಿ ಮುಗಿಸಿದವು. ಆಮೇಲೆ ನಾನು ಅಂಗಳದಿಂದ "ಕೇಳ್ತಾ" ಎಂದು ಕರೆದಾಗಲೆಲ್ಲ ಅಜ್ಜ ಗದ್ದೆಯಲ್ಲಿ ಬೇಕೆಂದೇ ಕಿವುಡರಾಗುತ್ತಿದ್ದರು. "ಆವತ್ತಿನ ಹಾಗೆ ಕರಿ, ಬರ್ತೇನೆ," ಎನ್ನುತ್ತಿದ್ದರು. ನಾನು ಹೆಸರು ಹಿಡಿದು ಮತ್ತೆ ಕರೆಯಲಿಲ್ಲ. ಇಲ್ಲಿ ಬರೆಯುವುದಕ್ಕೂ ಕೈ ಬರುತ್ತಿಲ್ಲ.

ಕೋವಿ ಈಗ ನಿಮ್ಮ ಅಪ್ಪನ ಲೈಸೆನ್ಸಿನಲ್ಲಿದೆ, ಮುಂದೆ ನಿಮ್ಮಲ್ಲಿ ಯಾರಿಗೋ ಬರುತ್ತದೆ. ಅದರದೇ ತೋಟಾ ಸಿಗದ ವರ್ಷ ಡಬ್ಬ ಬಡಿಯಿರಿ. ಹಂದಿ ತಿಂದಷ್ಟು ತಿಂದುಕೊಂಡು ಹೋಗಲಿ.