ಅಮ್ಮಿಯ ಕೈಯಲ್ಲಿ ಆಕ್ಸಿಲರೇಟರ್

ಎರಡು ವರ್ಷದ ಹಿಂದಿನ ಮಾತು. ತೊಗರಿ ಹೂ ಬಿಟ್ಟ ದಿನಗಳು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ನನಗೆ ಆಳಂದದ ಕೇಂದ್ರ ಬಂದಿತ್ತು. ವಯಸ್ಸಿನ ಮಿತಿ ದಾಟುವ ಮುಂಚೆ ಅದೇ ನನ್ನ ಕೊನೆಯ ಅವಕಾಶ. ಒಂಬತ್ತೂವರೆಗೆ ಗೇಟು ಮುಚ್ಚುತ್ತಾರೆ, ಆಮೇಲೆ ಯಾರು ಹೇಳಿದರೂ ತೆಗೆಯುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ನಮ್ಮೂರು ನರೋಣಾ. ಕಡಗಂಚಿಗೆ ಬಂದು, ಅಲ್ಲಿಂದ ದೊಡ್ಡ ರಸ್ತೆ ಹಿಡಿದು ಆಳಂದಕ್ಕೆ ಹೋಗಬೇಕು. ಭಾನುವಾರದ ಬಸ್ಸನ್ನು ನಂಬುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಅಬ್ಬಾನ ಹಳೆಯ ಕಾರನ್ನೇ ತೆಗೆದೆ.

ಅಬ್ಬಾ ಬಟ್ಟೆ ವ್ಯಾಪಾರಿ. ಆಳಂದ, ಅಫಜಲಪುರ, ಜೇವರ್ಗಿ ಎಂದು ಸಂತೆಯಿಂದ ಸಂತೆಗೆ ಆ ಕಾರಿನಲ್ಲೇ ತಿರುಗಿದವರು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟುಗಳು, ಮುಂದೆ ಎಡಗಡೆ ಅಮ್ಮಿ. ಗಾಡಿ ಹೊರಟಿತೋ ಇಲ್ಲವೋ ಅಮ್ಮಿ ಕಣ್ಣು ಮುಚ್ಚುತ್ತಿದ್ದಳು. "ಇಂಜಿನ್ ಚಾಲೂ, ಅಮ್ಮಿ ಬಂದ್" ಎಂದು ನಾವು ಮಕ್ಕಳು ನಗುತ್ತಿದ್ದೆವು. ಅಬ್ಬಾ ತೀರಿಕೊಂಡ ಮೇಲೆ ಕಾರು ಮಾರಿಬಿಡೋಣ ಎಂದು ಎಲ್ಲರೂ ಹೇಳಿದರು. ಅಮ್ಮಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾರು ಉಳಿಯಿತು. ನನಗೆ ಅಬ್ಬಾನೇ ಡ್ರೈವಿಂಗ್ ಕಲಿಸಿದ್ದರಿಂದ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಅಂದು ಕೂಡ ಅಮ್ಮಿ ತನ್ನ ಸೀಟಿನಲ್ಲಿ ಕೂತು, ಬಾಯಲ್ಲೇ ದುವಾ ಹೇಳಿ, ಕಣ್ಣು ಮುಚ್ಚಿದಳು.

ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಕಾರಿನ ವೇಗ ತಾನಾಗಿಯೇ ಇಳಿಯಿತು. ಆಕ್ಸಿಲರೇಟರ್ ಒತ್ತಿದರೆ ಪೆಡಲ್ ಸಲೀಸಾಗಿ ನೆಲಕ್ಕೆ ಹೋಗುತ್ತದೆ, ಗಾಡಿ ಮಾತ್ರ ಕೇಳುವುದಿಲ್ಲ. ಬದಿಗೆ ತಂದು ನಿಲ್ಲಿಸಿದೆ. ಎರಡೂ ಕಡೆ ತೊಗರಿ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಆ ತಿಂಗಳಿಡೀ ಕಾರ್ಬುರೇಟರ್ ತೊಂದರೆ ಕೊಡುತ್ತಿತ್ತು. ಕಸ ಸಿಕ್ಕಿ ಪೆಟ್ರೋಲ್ ಸರಿಯಾಗಿ ಇಳಿಯದೆ ಗಾಡಿ ಬಿಕ್ಕಳಿಸುತ್ತಿತ್ತು. ಹಾಗಾಗಿ ಇದೂ ಅದೇ ರೋಗ ಎಂದುಕೊಂಡೆ. ಇಂಥ ಗಾಡಿ ಗೊತ್ತಿದ್ದ ಮಿಸ್ತ್ರಿ ಚಾಚಾಗೆ ಫೋನ್ ಮಾಡಿದರೆ ಅವರು ಜೇವರ್ಗಿಯಲ್ಲಿ ಯಾರದೋ ಮದುವೆಯಲ್ಲಿದ್ದರು. ವಾದ್ಯದ ಸದ್ದಿನ ನಡುವೆಯೇ, ಏರ್ ಫಿಲ್ಟರ್ ತೆಗೆದು, ಪೆಟ್ರೋಲ್ ಇಳಿಯುವ ಸಣ್ಣ ತೂತಿನ ಜೆಟ್ ಬಿಚ್ಚಿ ಊದು ಎಂದರು. ಪರೀಕ್ಷೆಗೆಂದು ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬಾನೆಟ್ ಎತ್ತಿ ಬಿಚ್ಚಿದೆ, ಊದಿದೆ, ಮತ್ತೆ ಕೂಡಿಸಿದೆ. ಕೈಗೆಲ್ಲ ಮಸಿ. ಇಂಜಿನ್ ಚಾಲೂ ಆಯಿತು. ಪೆಡಲ್ ಒತ್ತಿದರೆ ಮತ್ತೆ ಅದೇ ಕಥೆ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಟೈರಿಗೆ ಒಂದು ಒದೆ ಕೊಟ್ಟೆ. ನೋವಾದದ್ದು ನನಗೇ.

ಆಗ ಅಮ್ಮಿ ಕಿಟಕಿಯಿಂದ ತಲೆ ಹೊರಹಾಕಿದಳು.

"ಇವತ್ತ ಅದು ಬಿಕ್ಕಳಸಾಕತ್ತಿಲ್ಲ ಬೇ. ಚಂದ ಕುಂತು ಉಸಿರಾಡಾಕತ್ತದ. ಅದಕ್ಕ ಓಡು ಅಂತ ಯಾರೂ ಹೇಳಾಕತ್ತಿಲ್ಲ, ಅಷ್ಟ."

ನಾನು ಕಿವಿಗೊಟ್ಟೆ. ಹೌದು, ಇಂಜಿನ್ ಒಂದೇ ಸಮನೆ ನಡೆಯುತ್ತಿತ್ತು. ಕಾರ್ಬುರೇಟರಿನ ಪಕ್ಕದ ಪುಟ್ಟ ಹಿಡಿಕೆಯನ್ನು ಬೆರಳಿನಿಂದ ಎಳೆದೆ. ಗಾಡಿ ಜೋರಾಗಿ ಕೂಗಿತು. ಬಗ್ಗಿ ಪೆಡಲ್ ಕೆಳಗೆ ನೋಡಿದರೆ, ಪೆಡಲ್‌ನಿಂದ ಆ ಹಿಡಿಕೆಗೆ ಹೋಗುವ ಕೇಬಲ್ ಹರಿದು ಕೂದಲಿನಂತೆ ಕೆದರಿಕೊಂಡಿತ್ತು. ರೋಗ ಸಿಕ್ಕಿತು, ಮದ್ದು ಇಲ್ಲ. ಹೊಸ ಕೇಬಲ್ ಸಿಗುವುದಾದರೆ ಕಲಬುರಗಿಯಲ್ಲಿ, ಅದೂ ಭಾನುವಾರ.

ಡಿಕ್ಕಿಯಲ್ಲಿ ಅಬ್ಬಾನ ಬಟ್ಟೆಗಂಟು ಕಟ್ಟುವ ನೂಲಿನ ಹಗ್ಗ ಇನ್ನೂ ಬಿದ್ದಿತ್ತು. ಅದರ ಒಂದು ತುದಿಯನ್ನು ಆ ಹಿಡಿಕೆಗೆ ಕಟ್ಟಿ, ಬಾನೆಟ್ಟಿನ ಹಿಂದಿನ ಸಂದಿಯಿಂದ ಹೊರತೆಗೆದು, ಎಡಗಡೆ ಕಿಟಕಿಯಿಂದ ಒಳಗೆ ತಂದೆ. ಸ್ಟೀರಿಂಗ್, ಕ್ಲಚ್, ಬ್ರೇಕ್ ನನ್ನದು. ಹಗ್ಗ ಅಮ್ಮಿಯದು. ನಾನು "ಎಳಿ" ಅಂದಾಗ ಎಳಿ, "ಬಿಡು" ಅಂದಾಗ ಬಿಡು ಎಂದು ಪಾಠ ಹೇಳಿದೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗಾಯಿತು. ನಾನು ಎಳಿ ಅಂದು ಕ್ಲಚ್ ಬಿಡುವಷ್ಟರಲ್ಲಿ ಗಾಡಿ ಬಂದ್. ಮತ್ತೊಮ್ಮೆ ಮಾಡಿದರೆ ಕಪ್ಪೆಯಂತೆ ಹಾರಿ ಬಂದ್. ನನಗೆ ಅಳುವೇ ಬಂತು. ಬದುಕಿನ ಕೊನೆಯ ಪರೀಕ್ಷೆ ತೊಗರಿ ಹೊಲದಲ್ಲೇ ಮುಗಿಯಿತು ಎಂದುಕೊಂಡೆ. ಅಮ್ಮಿ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು.

"ನೀ ಹೇಳಬ್ಯಾಡ. ನೀ ಹೇಳಿ, ನಾ ಕೇಳಿ, ಆಮ್ಯಾಲ ಎಳದ್ರ ತಡ ಆಗ್ತದ. ನೀ ನಿಂದು ನೋಡಕೋ."

ಇಷ್ಟು ಹೇಳಿ ಕಣ್ಣು ಮುಚ್ಚಿದಳು. ರಸ್ತೆಯ ಕಡೆ ನೋಡು ಎಂದು ಗದರಬೇಕೆಂದಿದ್ದೆ. ಅಷ್ಟರಲ್ಲಿ ಗೇರ್ ಹಾಕಿ ಕ್ಲಚ್ ಎತ್ತಿದ್ದೆ, ಕಾರು ಹೂವಿನ ಹಾಗೆ ಮುಂದೆ ಸರಿಯಿತು. ಎರಡನೇ ಗೇರಿಗೆ ಕ್ಲಚ್ ಒತ್ತಿದ ಕ್ಷಣಕ್ಕೆ ಇಂಜಿನ್ ಸದ್ದು ತಗ್ಗಿತು, ಬಿಟ್ಟ ಕ್ಷಣಕ್ಕೆ ಏರಿತು. ಮೂರನೆಯದಕ್ಕೂ ಹಾಗೆಯೇ. ಸ್ಟೀರಿಂಗ್ ಎಂದೂ ಮುಟ್ಟದ, ಬ್ರೇಕ್ ಯಾವುದು ಎಂದು ಗೊತ್ತಿಲ್ಲದ ನನ್ನ ತಾಯಿ ಕಣ್ಣು ಮುಚ್ಚಿ ಗಾಡಿ ಓಡಿಸುತ್ತಿದ್ದಳು.

ಒಂದು ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಧುತ್ತೆಂದು ಎದುರಾಯಿತು. ಬ್ರೇಕಿಗೆ ಕಾಲು ಇಡುವಾಗ ನೋಡುತ್ತೇನೆ, ಹಗ್ಗ ಆಗಲೇ ಸಡಿಲಾಗಿತ್ತು. ನಾನು ಉಸಿರು ಹಿಡಿದದ್ದನ್ನು ಕೇಳಿಯೇ ಬಿಟ್ಟಿರಬೇಕು.

ಕಡಗಂಚಿಯ ದೊಡ್ಡ ರಸ್ತೆಗೆ ಬಂದಾಗ, ಇನ್ನು ಸಾಕು, ಗಾಡಿ ಇಲ್ಲೇ ಬಿಟ್ಟು ಬಸ್ಸು ಹತ್ತುತ್ತೇನೆ ಅಂದೆ. ಕಣ್ಣೆದುರೇ ಆಳಂದದ ಬಸ್ಸು ಬಾಗಿಲಲ್ಲಿ ಜನ ಜೋತಾಡುತ್ತಾ ನಿಲ್ಲಿಸದೆ ಹೋಯಿತು. ಅಮ್ಮಿ ಕಣ್ಣು ತೆರೆಯದೆ "ನಡಿ" ಅಂದಳು. ಲಾರಿಗಳ ನಡುವೆ, ಏರಿನಲ್ಲಿ, ಊರೊಳಗಿನ ಆಟೋಗಳ ಸಂತೆಯಲ್ಲಿ ನಾವಿಬ್ಬರೂ ಒಂದೇ ಡ್ರೈವರ್ ಆಗಿ ಹೋದೆವು. ಆ ದಾರಿಯುದ್ದಕ್ಕೂ ನನಗೆ ಒಂದೇ ಅನಿಸುತ್ತಿತ್ತು, ಈ ಓಟ ನನಗೆ ಗೊತ್ತು. ಏರು ಬರುವ ಮುಂಚೆ ತುಸು ಜೋರು, ಇಳಿಜಾರಿನಲ್ಲಿ ಪೂರ್ತಿ ಬಿಟ್ಟು ಮೌನ. ಹೀಗೆ ಓಡಿಸುತ್ತಿದ್ದವರು ಒಬ್ಬರೇ. ಕಣ್ಣೀರು ಬಂದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕೇಂದ್ರದ ಗೇಟಿನ ಒಂದು ಬಾಗಿಲು ಮುಚ್ಚಿ, ಇನ್ನೊಂದಕ್ಕೆ ಕಾವಲುಗಾರ ಕೈ ಹಾಕಿದ್ದ. ಕಾರನ್ನು ರಸ್ತೆಯಲ್ಲೇ ಬಿಟ್ಟು ಓಡಿದೆ. ಮಸಿ ಕೈಯಲ್ಲೇ ಪರೀಕ್ಷೆ ಬರೆದೆ.

ಹೊರಗೆ ಬಂದಾಗ ಯಾರೋ ಕಾರನ್ನು ಬೇವಿನ ಮರದಡಿ ತಳ್ಳಿ ನಿಲ್ಲಿಸಿದ್ದರು. ಅಮ್ಮಿ ಅದೇ ಸೀಟಿನಲ್ಲಿದ್ದಳು. ಅಂಗೈಯಲ್ಲಿ ಹಗ್ಗ ಕೊರೆದು ಕೆಂಪು ಬರೆ ಎದ್ದಿತ್ತು. ಆ ಕೈ ಹಿಡಿದುಕೊಂಡೇ, ಇದೆಲ್ಲ ನಿನಗೆ ಹೇಗೆ ಬಂತು ಎಂದು ಕೇಳಿದೆ.

"ಕಣ್ಣ ಮುಚ್ಚಿದ್ರ ನಿದ್ದಿ ಅಂತ ತಿಳದಿದ್ರೇನು ನೀವು?" ಅಂದಳು. "ನಿಮ್ಮ ಅಬ್ಬಾಂದು ಮಾತು ಕಮ್ಮಿ. ಸಿಟ್ಟು ಬಂದ್ರ, ದಣದ್ರ, ಸಂತಿ ಚಲೋ ಆದ್ರ, ಎಲ್ಲಾ ಕಾಲಿನಾಗ ಹೇಳತಿದ್ರು. ನಾ ಕೇಳ್ಕೋತ ಕುಂಡ್ರತಿದ್ದೆ."

ಈಗ ನಾನು ಅಫಜಲಪುರದ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಮೇಡಂ ಆಗಿದ್ದೇನೆ. ಕಾರಿಗೆ ಹೊಸ ಕೇಬಲ್ ಬಂದಿದೆ. ಚೌಡಾಪುರದ ದಾರಿಯಲ್ಲಿ ಊರಿಗೆ ಹೋಗಿಬರುವಾಗ ಅಮ್ಮಿ ಎಡಗಡೆ ಕಣ್ಣು ಮುಚ್ಚಿ ಕೂಡುತ್ತಾಳೆ. ಅವಳು ಮಲಗಿದ್ದಾಳೆ ಎಂದು ನಾನು ಈಗ ನಗುವುದಿಲ್ಲ. ಗೇರ್ ಬದಲಿಸುವಾಗ ಓರೆಗಣ್ಣಿನಿಂದ ಅವಳ ಮಡಿಲನ್ನು ನೋಡುತ್ತೇನೆ. ಅಲ್ಲಿ ಹಗ್ಗವಿಲ್ಲ. ಆದರೂ ನನ್ನ ಕಾಲು ಪೆಡಲ್ ಮುಟ್ಟುವ ಮುಂಚೆ ಅವಳ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳುತ್ತವೆ.