ಕೆರೆಯ ತಳದಲ್ಲಿ ಉಸಿರಾಡುವ ಪವಿತ್ರಾ

ಬೆಳಿಗ್ಗೆ ಐದು ಐವತ್ತಕ್ಕೆ, ಯಾರೂ ಚಾಲೂ ಮಾಡದಂತೆ ಪಂಪಿನ ಮೋಟರಿನ ಫ್ಯೂಸು ಕಳಚಿ ಮೇಸ್ತ್ರಿ ಶೇಷಪ್ಪನವರ ಜೇಬು ಸೇರುತ್ತದೆ. ಆರಕ್ಕೆ ಪವಿತ್ರಾ ಸೊಂಟಕ್ಕೆ ಹಗ್ಗ ಬಿಗಿಯುತ್ತಾರೆ. ಆರು ಗಂಟೆ ಐದು ನಿಮಿಷಕ್ಕೆ, ಜಾವಳಿ ಸಮೀಪದ ಈ ಎಸ್ಟೇಟಿನ ಕೆರೆಗೆ ಇಳಿಯುತ್ತಾರೆ. ಹದಿನಾರು ವರ್ಷಗಳಿಂದ ಕ್ರಮ ಇದೇ. ಇಂದು ಬೆನ್ನ ಮೇಲೊಂದು ಸಿಲಿಂಡರ್ ಇದೆ, ಜೊತೆಗೆ ಕರಾವಳಿಯಿಂದ ಬಂದ ತರಬೇತುದಾರ ಪ್ರಶಾಂತ್ ಇದ್ದಾರೆ.

ಮಾರ್ಚ್‌ನಲ್ಲಿ ಕಾಫಿಯ ಮೊಗ್ಗು ಬಲಿತು ನಿಲ್ಲುತ್ತದೆ. ಮಳೆ ಬಾರದಿದ್ದರೆ ಕೆರೆಯ ನೀರನ್ನೇ ಸ್ಪ್ರಿಂಕ್ಲರ್‌ನಿಂದ ಹಾಯಿಸಿ ಹೂವರಳಿಸಬೇಕು. ಕೆರೆಯ ತಳದಲ್ಲಿ ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ, ಬೇರು, ಕೆಸರು ಸಿಕ್ಕಿಕೊಳ್ಳುವುದೂ ಆಗಲೇ. ಮುಳುಗಿ ಅದನ್ನು ಬಿಡಿಸಲು ಸುತ್ತಲಿನ ಇಪ್ಪತ್ತಮೂರು ತೋಟಗಳಿಗೆ ಪವಿತ್ರಾ ಒಬ್ಬರೇ ಗತಿ. ವಿದ್ಯೆ ತಂದೆಯಿಂದ ಬಂದದ್ದು. ಹಿಂದೆ ಒಂದು ಉಸಿರಿಗೆ ಎಪ್ಪತ್ತು ಸೆಕೆಂಡು ಕೆಳಗಿರುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಅದು ನಲವತ್ತಕ್ಕೆ ಇಳಿದಿದೆ. ಕಳೆದ ವರ್ಷ ಇದೇ ವಾಲ್ವಿಗಾಗಿ ಹನ್ನೊಂದು ಸಲ ಮುಳುಗಬೇಕಾಯಿತು.

“ಉಸ್ರು ಮುಗೀತು ಅಂದ್ರೆ ಕೆಲ್ಸಾನೂ ಮುಗೀತು. ನಂಗೆ ಬೇರೆ ಕೆಲ್ಸ ಬರಲ್ಲ ಅಂತಲ್ಲ, ಇದ್ರಷ್ಟು ಯಾವ್ದೂ ಇಷ್ಟ ಇಲ್ಲ” ಎನ್ನುತ್ತಾರೆ.

ಅದಕ್ಕೇ ಈ ಸಾಹಸ. ಮಂಗಳೂರಿನ ಅಂಗಡಿಯಲ್ಲಿ ಅವರು ನೀರಿನಡಿ ತೊಡುವ ಐದು ಮುಖಗವಸುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಟ್ಟಾಗ ಬೀಳದೆ ನಿಂತದ್ದೇ ಸರಿಯಾದ ಅಳತೆ. ಅತಿ ಬೆಲೆಯದು ಜಾರಿತು. ಎಲ್ಲಕ್ಕಿಂತ ಅಗ್ಗದ್ದು ಹಲ್ಲಿಯಂತೆ ಅಂಟಿ ನಿಂತಿತು. ಕಾಲಿಗೆ ತೊಡುವ ಉದ್ದನೆಯ ಈಜುರೆಕ್ಕೆಗಳು ಕೆಸರೆಬ್ಬಿಸುತ್ತವೆಂದು ಗಿಡ್ಡನೆಯವನ್ನು ಆರಿಸಿದರು.

ಚರ್ಚೆ ಎದ್ದದ್ದು ಗಾಳಿಯ ಬಗ್ಗೆ. ಇರುವುದರಲ್ಲೇ ಒಳ್ಳೆಯದಾದ ಶುದ್ಧ ಆಕ್ಸಿಜನ್ ತುಂಬಿಸಲಿ, ಖರ್ಚು ತಮ್ಮದೆಂದು ತೋಟದ ಮಾಲೀಕ ಷಡಕ್ಷರಿಯವರು ಹೇಳಿ ಕಳಿಸಿದ್ದರು. ಎಂಟು ಮೀಟರ್ ಆಳದ ಒತ್ತಡದಲ್ಲಿ ಅದೇ ನಂಜಾಗಿ ಫಿಟ್ಸ್ ಬರಬಹುದೆಂದು ಪವಿತ್ರಾ ನಯವಾಗಿ ವಿವರಿಸಿದರು. ಆಮ್ಲಜನಕದ ಪಾಲು ತುಸು ಹೆಚ್ಚಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವೂ ಇದೆ. ಅದರ ಲಾಭ ಇನ್ನೂ ಆಳದಲ್ಲಿ ಬಹುಹೊತ್ತು ಇರುವವರಿಗೆ, ಅದಕ್ಕೆ ಬೇರೆ ತರಬೇತಿಯೂ ಬೇಕು. ಟೈರಿಗೆ ಗಾಳಿ ಹೊಡೆಯುವ ಯಂತ್ರದಿಂದ ತುಂಬಿಸಿದರೆ ಎಣ್ಣೆಯ ಹಬೆ ಶ್ವಾಸಕೋಶ ಸೇರುತ್ತದೆ. ಕೊನೆಗೆ ಆರಿಸಿದ್ದು, ಸೋಸಿ ಒಣಗಿಸಿ ಒತ್ತಿ ತುಂಬಿದ, ನಾವೆಲ್ಲ ಉಸಿರಾಡುವ ಮಾಮೂಲಿ ಗಾಳಿ.

ಕಲಿಯುವುದಕ್ಕಿಂತ ಮರೆಯುವುದೇ ಕಷ್ಟವಾಯಿತಂತೆ. ಪ್ರಶಾಂತ್ ಕೊಟ್ಟ ತರಬೇತಿಯಲ್ಲಿ, ಬಾಯಲ್ಲಿ ಗಾಳಿಯ ನಳಿಕೆ ಇದ್ದರೂ ಎರಡು ದಿನ ಪವಿತ್ರಾ ಉಸಿರು ಕಟ್ಟಿಯೇ ಮುಳುಗುತ್ತಿದ್ದರು. ಹಾಗೆ ಮೇಲೇರಿದರೆ ಹಿಗ್ಗಿದ ಗಾಳಿ ಶ್ವಾಸಕೋಶವನ್ನೇ ಹರಿಯಬಹುದು; ಉಸಿರಾಡುತ್ತಲೇ ಇರಬೇಕೆಂಬುದು ಮೊದಲ ನಿಯಮ.

ಆ ನಿಯಮ ದಡಕ್ಕೆ ಇನ್ನೂ ತಲುಪಿಲ್ಲ. ಉಸಿರು ಕಟ್ಟಿ ಮುಳುಗಿದವರಿಂದ ಗುಳ್ಳೆ ಎದ್ದರೆ ಅಪಾಯ, ಹಗ್ಗ ಎಳೆಯಬೇಕು: ಶೇಷಪ್ಪನವರು ಹದಿನಾರು ವರ್ಷ ಪಾಲಿಸಿದ ಸೂತ್ರವದು. ಈಗ ನೀರು ಅನ್ನದ ಎಸರಿನಂತೆ ಕುದಿಯುತ್ತಿದೆ. ಅವರು ಎಳೆದೇ ಬಿಡುತ್ತಾರೆ. ಎರಡೇ ಮೀಟರ್ ಇಳಿದಿದ್ದ ಪವಿತ್ರಾ ಉಸಿರು ಬಿಡುತ್ತಲೇ ಮೇಲೆ ಬರುತ್ತಾರೆ. ತಿಳಿಹೇಳಿ ಮತ್ತೆ ಇಳಿದರೆ, ಮತ್ತೆ ಎಳೆತ.

“ಶೇಷಪ್ಪಣ್ಣ, ನಾನೇನು ಬಾವಿ ಕೊಡಪಾನನಾ? ಗುಳ್ಳೆ ಬಂದ್ರೆ ಬದುಕಿದೀನಿ ಅಂತ. ನಿಂತ್ರೆ ಎಳೀರಿ.”

“ತಲೆಗೆ ಗೊತ್ತಾಗಿದೆ ಮಾರಾಯ್ತಿ, ಕೈಗೆ ಗೊತ್ತಾಗ್ಬೇಕಲ್ಲ” ಎಂದು ಶೇಷಪ್ಪ ನಗುತ್ತಾರೆ.

ಮೂರನೆಯ ಸಲ ಅವರು ಹಗ್ಗವನ್ನು ಸಡಿಲವಾಗಿ ಹಿಡಿದು, ಗುಳ್ಳೆ ಎದ್ದಾಗಲೆಲ್ಲ ‘ಇದಾಳೆ, ಇದಾಳೆ’ ಎಂದು ಗುನುಗುತ್ತ ಕೂರುತ್ತಾರೆ. ಹದಿನೆಂಟು ನಿಮಿಷಗಳ ನಂತರ ಪವಿತ್ರಾ ತೋಳಿನಷ್ಟು ದಪ್ಪದ ಬೇರಿನ ಸಿಂಬಿಯೊಂದಿಗೆ ಮೇಲೇಳುತ್ತಾರೆ. ಫ್ಯೂಸು ಮರಳಿ ಕೂರುತ್ತದೆ, ಮೋಟರು ಗುಡುಗುತ್ತದೆ, ಗುಡ್ಡದ ಮೈಮೇಲೆ ನೀರಿನ ಕಾರಂಜಿಗಳು ತಿರುಗತೊಡಗುತ್ತವೆ.

ಜೀಪಿನಿಂದಿಳಿದ ಷಡಕ್ಷರಿಯವರು ಹೇಗಾಯಿತೆಂದು ಕೇಳುತ್ತಾರೆ. ಪವಿತ್ರಾ ಒತ್ತಡಮಾಪಕವನ್ನು ಒರೆಸಿ ತೋರಿಸುತ್ತಾರೆ.

“ಮುಕ್ಕಾಲು ಪಾಲು ಹಾಗೇ ಉಳ್ದಿದೆ ಸಾರ್. ಈ ಕೆರೆಗೆ ಮಾಮೂಲಿ ಗಾಳಿ ಸಾಕು. ನಾನು ಇನ್ನೂ ಇಪ್ಪತ್ತು ವರ್ಷ ಮುಳುಗ್ಬಹುದು.”