ಚಂದ್ರಾಮನ ಎದೆಗೆ ನಾಲ್ಕು ವಾಲ್

ಕೆಮ್ಮು ನುಂಗುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಶಹಾಬಾದದಿಂದ ಚಿಂಚೋಳಿಯವರೆಗೆ ಇನ್ನೂ ಹುಟ್ಟಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಬೆಳಿಗ್ಗೆ ಮುಕಾದಮ ಆಳುಗಳನ್ನು ಆರಿಸುವಾಗ ಕೆಮ್ಮಿದವನಿಗೆ ಆ ದಿನ ಕೆಲಸವಿಲ್ಲ. ಹಾಗಾಗಿ ನಾವೆಲ್ಲ ಕೆಮ್ಮನ್ನು ಹೊಟ್ಟೆಗಿಳಿಸಿ ಮದುಮಗನ ಹಾಗೆ ನಗುತ್ತ ನಿಲ್ಲುತ್ತಿದ್ದೆವು. ಗೆಳೆಯ ಚಂದ್ರಾಮನಿಗೆ ಈ ವಿದ್ಯೆ ಕಲಿಸಿದವನೂ ನಾನೇ.

ಚಂದ್ರಾಮ ಮೂವತ್ತು ವರ್ಷ ಕಲ್ಲು ಎಬ್ಬಿಸಿದವನು. ಅವನು ಶಹಾಬಾದದಲ್ಲಿ ಜಗಳ ತೆಗೆದರೆ ವಾಡಿ ಸ್ಟೇಷನ್ನಿನಲ್ಲಿ ರೈಲುಗಳು ತಮಗೇ ಬೈದನೆಂದು ಸರಿದು ನಿಲ್ಲುತ್ತಿದ್ದವು. ಆರು ವರ್ಷದ ಹಿಂದೆ ಧೂಳು, ಬೀಡಿ ಎರಡೂ ಸೇರಿ ಅವನ ಎದೆ ಕೆಡಿಸಿದವು. ಎಂಫಿಸೀಮಾ ಎಂದರು. ಶ್ವಾಸಕೋಶದ ಗಾಳಿಚೀಲಗಳು ಹಿಗ್ಗಿ ಸಡಿಲಾಗಿ, ಒಳಗೆ ಹೋದ ಗಾಳಿ ಹೊರಬರಲು ಒಪ್ಪದ ರೋಗ. ಹೆಂಡತಿ ಲಾಲಮ್ಮನ ಜೊತೆ ಜಗಳ ಶುರುವಾದರೆ ಅವನು ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಆಕೆ ಗೆದ್ದು, ರೊಟ್ಟಿ ಬಡಿದು, ಊಟಕ್ಕೂ ಕರೆಯುತ್ತಿದ್ದಳು. ನಡಿಗೆ ಹೋದದ್ದಕ್ಕಿಂತ ಮಾತು ಹೋದದ್ದೇ ಅವನಿಗೆ ಸಂಕಟ. ಸಾಯುವುದರೊಳಗೆ ಒಂದಾದರೂ ಪೂರಾ ಮಾತು ಆಡಬೇಕು ಎಂದು ಮೂರು ಕಂತಿನಲ್ಲಿ ಹೇಳುತ್ತಿದ್ದ.

ಗುಳಿಗೆ, ಬಾಯಿಗೆ ಹೊಡೆದುಕೊಳ್ಳುವ ಪಂಪು ಸಾಲದಾದಾಗ, ಹೈದರಾಬಾದಿನಲ್ಲಿ ನರ್ಸ್ ಆಗಿರುವ ಅವನ ಮೊಮ್ಮಗಳು ಲುಂಬಿನಿ ತನ್ನ ಆಸ್ಪತ್ರೆಗೆ ಕರೆಸಿಕೊಂಡಳು. ಅವನು, ಲಾಲಮ್ಮನ ಜೊತೆ ನಾನೂ ಹೊರಟೆ. ಎದೆ ಕೊಯ್ಯದೆ, ಬಾಯಿಯಿಂದ ಸಣ್ಣ ನಳಿಕೆ ಇಳಿಸಿ, ಕೆಟ್ಟ ಭಾಗದ ಉಸಿರುದಾರಿಗೆ ವಾಲ್ ಕೂಡಿಸುತ್ತಾರಂತೆ. ಸೈಕಲ್ಲಿನ ವಾಲ್ ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಹೋಗದಂತೆ ತಡೆಯುತ್ತದೆ. ಇದು ಅದರ ಉಲ್ಟಾ. ಹಿಗ್ಗಿದ ಭಾಗ ಕುಗ್ಗಿದರೆ ಒಳ್ಳೆಯ ಭಾಗಕ್ಕೆ ಜಾಗ. ಆದರೆ ಎಲ್ಲರಿಗೂ ಹೊಂದುವುದಿಲ್ಲ, ಪರೀಕ್ಷೆ ಮಾಡಿಯೇ ಆರಿಸುತ್ತೇವೆ ಎಂದಳು.

ಆರಿಸುತ್ತಾರೆ ಎಂದದ್ದೇ ತಡ, ನಾನು ಚಂದ್ರಾಮನ ಕಿವಿಯಲ್ಲಿ ಹಳೆಯ ವಿದ್ಯೆ ಊದಿದೆ. ಡಾಕ್ಟರು ಏನು ಕೇಳಿದರೂ ಅವನು ಕೆಮ್ಮು ನುಂಗಿ, ಆರಾಮಿದ್ದೇನೆಂದು ನಕ್ಕ. ಇಷ್ಟು ಆರಾಮಿದ್ದವರಿಗೆ ವಾಲ್ ಯಾಕೆ ಎಂದು ಅವರು ಕಾಗದ ಮಡಚಿದರು. ಲಾಲಮ್ಮ ಎದ್ದು ನಿಂತಳು.

“ಇವ್ರು ಸುಳ್ಳ ಹೇಳಾಕತ್ತಾರ್ರಿ ಸಾಹೇಬ್ರ. ನಳಕ್ಕ ಹೋಗಿ ಬರೂದ್ರಾಗ ಮೂರ ಸಲ ಕುಂದರ್ತಾರ. ನಿಮ್ಮನ್ನ ಮುಕಾದಮ ಅಂತ ತಿಳದಾರ.”

ಡಾಕ್ಟರು ಅವನನ್ನು ಆರು ನಿಮಿಷ ನಡೆಸಿದರು. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಕಚ್ಚಿಸಿದ ಯಂತ್ರ ನನ್ನ ಶಿಷ್ಯನಲ್ಲ. ಎರಡನೆಯ ನಿಮಿಷಕ್ಕೇ ಕೂಗಿಕೊಂಡಿತು. ಸ್ಕ್ಯಾನ್ ನೋಡಿ, ಎಡಗಡೆಯ ಮೇಲಿನ ಭಾಗಕ್ಕೆ ಹೊಂದುತ್ತದೆ ಎಂದರು. ನಾಲ್ಕು ವಾಲ್ ಕೂಡಿಸಿ, ಶ್ವಾಸಕೋಶದಿಂದ ಗಾಳಿ ಸೋರಿದರೆ ಕಷ್ಟವೆಂದು ಕೆಲ ದಿನ ಕಣ್ಣಿಟ್ಟು ಕಾದರು. ಸೋರಲಿಲ್ಲ.

ಈಗಲೂ ಚಂದ್ರಾಮ ಓಡುವುದಿಲ್ಲ; ಪಂಪು ಬಿಟ್ಟಿಲ್ಲ, ಬೀಡಿ ಬಿಟ್ಟಿದ್ದಾನೆ. ನಳಕ್ಕೆ ಮಾತ್ರ ಎಲ್ಲೂ ಕೂರದೆ ಹೋಗಿಬರುತ್ತಾನೆ. ಮೊನ್ನೆ ಕಟ್ಟೆಯ ಮೇಲೆ ಕುಳಿತಾಗ, ನಾನು ಜೊತೆಗೆ ಬಂದದ್ದಕ್ಕೇ ನಿನ್ನ ಕೆಲಸ ಆಯಿತು ಎಂದೆ. ಅವನು ಒಂದೇ ಉಸಿರಿನಲ್ಲಿ ಹೇಳಿದ:

“ಏ ಖಂಡಪ್ಪ, ನಿನ್ನ ಮಾತ ನಡದಿದ್ರ ಆ ಡಾಕ್ಟರ್ ನನಗ ಹಾರ ಹಾಕಿ ಮನಿಗಿ ಕಳಸ್ತಿದ್ದ, ಮುಂದಿನ ವಾರ ನೀ ಅದೇ ಹಾರ ನನ್ನ ಫೋಟೋಕ್ಕ ಹಾಕ್ತಿದ್ದಿ, ಈಗ ಸುಮ್ಕ ಕುಂದ್ರು, ಲಾಲಮ್ಮನ ಕೂಡ ಆರು ವರ್ಷದ ಜಗಳ ಬಾಕಿ ಅದ.”